ರನ್‌ವೇಯ ನೆರೆಯಲ್ಲಿ ರೇಸ್ ಟ್ರ್ಯಾಕ್: ಎರವಲು ನೆಲದ ಲೆಕ್ಕಾಚಾರ

ಅಣ್ಣಾ ನಗರ್, ಚೆನ್ನೈ: ಊರಿಗೆ ಹೋಗಲು ಇಲ್ಲಿಂದ ಪೂಂದಮಲ್ಲಿ ದಾಟಿ ಬೆಂಗಳೂರು ಹೆದ್ದಾರಿ ಹಿಡಿಯುವ ನಮ್ಮವರಿಗೆ ಶ್ರೀಪೆರಂಬದೂರಿನ ಮೊದಲೇ ಸಿಗುವ ಇರುಂಗಾಟ್ಟುಕೋಟ್ಟೈ ಪರಿಚಿತ ಹೆಸರು. ಹ್ಯುಂಡೈ ಕಾರ್ಖಾನೆಯಿಂದಾಗಿ ಹೆಸರಾದ ಈ ಊರಿನಲ್ಲಿ ಅದಕ್ಕೂ ಮೊದಲೇ, 1990ರಲ್ಲಿ, ಮೋಟಾರ್ ರೇಸ್ ಟ್ರ್ಯಾಕ್ ಒಂದು ತೆರೆದಿತ್ತು. ಚೆನ್ನೈ ಉತ್ತರಕ್ಕಿರುವ ಶೋಳಾವರಂನಲ್ಲಿ ದಶಕಗಳ ಕಾಲ ನಡೆದ ರೇಸು ಪಶ್ಚಿಮಕ್ಕೆ ಬಂದು ನೆಲೆಸಿದ್ದು ಇಲ್ಲೇ. ವಿಮಾನದ ರನ್‌ವೇಗೂ ಕಾರು ರೇಸಿಗೂ ಇರುವ ನಂಟು ಎಂಥದು, ಆ ನಂಟು ಏಕೆ ಬಾಳಲಿಲ್ಲ ಎಂಬುದನ್ನು ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಶೋಳಾವರಂನ ದಿನಗಳು

ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಶೋಳಾವರಂನದು. ಯುದ್ಧ ಮುಗಿದು ಪಟ್ಟಿ ಖಾಲಿ ಬಿದ್ದ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸು ನಡೆಸಿತು. ಕೋಲ್ಕತ್ತ, ಕೊಯಮತ್ತೂರು, ಬೆಂಗಳೂರಿನಿಂದ ಸ್ಪರ್ಧಿಗಳು ಬರುತ್ತಿದ್ದರು. 1980ರ ದಶಕದಲ್ಲಿ ವಿಜಯ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದೂ ಇಲ್ಲಿಯೇ.

ಇದು ಮದ್ರಾಸಿನ ವಿಶೇಷವೇನೂ ಅಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಯುದ್ಧಕಾಲದ ವಿಮಾನ ನೆಲೆ. 1948ರಲ್ಲಿ ಅಲ್ಲಿನ ರನ್‌ವೇಗಳ ಮೇಲೆಯೇ ಸ್ಪರ್ಧೆ ನಡೆಯಿತು. ಆಗ ಎರಡು ಕಡೆಯಿಂದ ಬರುವ ಕಾರುಗಳು ಎದುರುಬದುರಾಗುತ್ತಿದ್ದವು. ಚಾಲಕರಿಗೆ ಒಬ್ಬರನ್ನೊಬ್ಬರು ಕಾಣದಂತೆ ನಡುವೆ ಕ್ಯಾನ್ವಾಸ್ ಪರದೆ ಕಟ್ಟಬೇಕಾಯಿತು. ಮರುವರ್ಷವೇ ರನ್‌ವೇ ಬಿಟ್ಟು ಸುತ್ತಲಿನ ರಸ್ತೆಯನ್ನು ಟ್ರ್ಯಾಕ್ ಮಾಡಿಕೊಂಡರು. ಒಂದು ರೀತಿಯಲ್ಲಿ ರನ್‌ವೇಯ ಕಾರಣದಿಂದ ಟ್ರ್ಯಾಕಿನ ನಕ್ಷೆ ಬದಲಾದ ಮೊದಮೊದಲ ಪ್ರಸಂಗಗಳಲ್ಲಿ ಅದೂ ಒಂದು.

ಅನುಕೂಲ ಮತ್ತು ತೊಡಕು

ರನ್‌ವೇ ಅಗಲವಾಗಿರುತ್ತದೆ, ಸಮತಟ್ಟಾಗಿರುತ್ತದೆ, ಮಳೆನೀರು ಹರಿದು ಹೋಗುವ ವ್ಯವಸ್ಥೆಯೂ ಇರುತ್ತದೆ. ಹೊಸದಾಗಿ ಡಾಂಬರು ಹಾಕುವ ಖರ್ಚಿಲ್ಲ. ಆದರೆ ವಿಮಾನಕ್ಕೆ ಬೇಕಾದುದು ನೇರ ದಾರಿ, ರೇಸಿಗೆ ಬೇಕಾದುದು ತಿರುವು. ರನ್‌ವೇಯಲ್ಲಿ ತಿರುವನ್ನು ಟೈರುಗಳನ್ನು ಜೋಡಿಸಿ ಸೃಷ್ಟಿಸಬೇಕು. ಉದ್ದನೆಯ ನೇರ ದಾರಿಯಲ್ಲಿ ವೇಗ ವಿಪರೀತ ಏರುತ್ತದೆ. ಸ್ಪರ್ಧೆ ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಒಯ್ಯಬೇಕಾದ್ದರಿಂದ ಶಾಶ್ವತ ಸುರಕ್ಷಾ ವ್ಯವಸ್ಥೆ ಕಟ್ಟುವಂತಿಲ್ಲ.

ವಿಮಾನಗಳು ಇನ್ನೂ ಓಡಾಡುತ್ತಿರುವ ರನ್‌ವೇ ಪಕ್ಕದಲ್ಲಿದ್ದರಂತೂ ಸಮಸ್ಯೆ ಇಮ್ಮಡಿ. ಟೈರಿನ ರಬ್ಬರ್ ಚೂರು, ಜಲ್ಲಿ ಕಲ್ಲು ವಿಮಾನದ ಎಂಜಿನ್ನಿಗೆ ಅಪಾಯಕಾರಿ. ರಾತ್ರಿ ರೇಸಿನ ದೀಪಗಳು ಪೈಲಟ್‌ಗಳ ಕಣ್ಣು ಕುಕ್ಕಬಾರದು. ಎತ್ತರದ ಮಿತಿ ಎಲ್ಲಕ್ಕಿಂತ ಮುಖ್ಯವಾದುದು. ದೊಡ್ಡ ರನ್‌ವೇಯ ತುದಿಯಿಂದ 60 ಮೀಟರ್ ಆಚೆಗೆ ಆರಂಭವಾಗುವ ಇಳಿದಾರಿಯ ಗಡಿ, ಅಂತರರಾಷ್ಟ್ರೀಯ ಮಾನದಂಡದಂತೆ ಪ್ರತಿ 50 ಮೀಟರಿಗೆ 1 ಮೀಟರಿನಷ್ಟೇ ಮೇಲೇರುತ್ತದೆ. ಅಂದರೆ ಅಲ್ಲಿಂದ ಒಂದು ಕಿ.ಮೀ. ದೂರದಲ್ಲಿಯೂ 20 ಮೀಟರಿಗಿಂತ ಎತ್ತರದ ದೀಪಸ್ತಂಭವಾಗಲಿ, ಪ್ರೇಕ್ಷಕರ ಗ್ಯಾಲರಿಯಾಗಲಿ ನಿಲ್ಲಿಸುವಂತಿಲ್ಲ. ಭಾರತದಲ್ಲಿ 2015ರ ನಿಯಮಗಳ ಅನ್ವಯ ವಿಮಾನ ನಿಲ್ದಾಣದ ಸುತ್ತ 20 ಕಿ.ಮೀ.ವರೆಗಿನ ಕಟ್ಟಡಗಳ ಎತ್ತರಕ್ಕೆ ಕಡಿವಾಣವಿದೆ. ಇಂಥಲ್ಲಿ ಬದಲಾಗಬೇಕಾದುದು ಟ್ರ್ಯಾಕಿನ ನಕ್ಷೆಯೇ ಹೊರತು ರನ್‌ವೇ ಅಲ್ಲ.

ಕೆನಡಾದ ಎಡ್ಮಂಟನ್ ನಗರ ಇದಕ್ಕೆ ಸಾಕ್ಷಿ. ಅಲ್ಲಿನ ಸಿಟಿ ಸೆಂಟರ್ ವಿಮಾನ ನಿಲ್ದಾಣದಲ್ಲಿ 2005ರಿಂದ ಇಂಡಿ ಮಾದರಿಯ ಕಾರುಗಳ ರೇಸು ನಡೆಯುತ್ತಿತ್ತು. ಇದ್ದ ಎರಡು ರನ್‌ವೇಗಳ ಪೈಕಿ ಒಂದನ್ನು 2010ರಲ್ಲಿ ಮುಚ್ಚಲಾಯಿತು. ಉಳಿದ ಒಂದರಲ್ಲಿ ವಿಮಾನ ಸಂಚಾರಕ್ಕೆ ಅಡ್ಡಿಯಾಗಬಾರದೆಂದು 2011ರಲ್ಲಿ ಟ್ರ್ಯಾಕನ್ನು ಹೊಸದಾಗಿ ರೂಪಿಸಬೇಕಾಯಿತು. ಖರ್ಚು ಭರಿಸುವವರು ಯಾರು ಎಂಬ ತಕರಾರಿನಲ್ಲಿ ಸ್ಪರ್ಧೆಯೇ ಕೈಬಿಟ್ಟು ಹೋಗುವ ಹಂತ ತಲುಪಿತ್ತು. ಇಷ್ಟೆಲ್ಲ ಮಾಡಿದರೂ ಹೊಸ ನಕ್ಷೆಯಲ್ಲಿ ನಡೆದದ್ದು ಎರಡೇ ವರ್ಷ. 2012ರ ನಂತರ ರೇಸು ನಿಂತಿತು, 2013ರಲ್ಲಿ ವಿಮಾನ ನಿಲ್ದಾಣವೇ ಮುಚ್ಚಿತು.

ಬೆಂಗಳೂರಿನ ಅನುಭವ

ನಮ್ಮ ಬೆಂಗಳೂರಿನಲ್ಲಿಯೂ ಒಂದು ಕಾಲಕ್ಕೆ ಯಲಹಂಕದ ವಿಮಾನಪಟ್ಟಿಯಲ್ಲಿ, ಅಗರಂನ ಸೇನಾ ಮೈದಾನದಲ್ಲಿ ರೇಸುಗಳು ನಡೆದಿದ್ದವು. ಎರಡೂ ರಕ್ಷಣಾ ಇಲಾಖೆಯ ನೆಲ. ಯಲಹಂಕದಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ಆರಂಭವಾಯಿತು. 2008ರಲ್ಲಿ ಸಮೀಪದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಏರೋ ಇಂಡಿಯಾ ದಿನಗಳಲ್ಲಿ ದೇವನಹಳ್ಳಿಯ ವಿಮಾನಗಳ ವೇಳಾಪಟ್ಟಿಯನ್ನೇ ಹೊಂದಿಸಿಕೊಳ್ಳಬೇಕಾಗುತ್ತದೆ. ಇಂತಹ ಕಡೆ ಕಾರು ರೇಸಿಗೆ ಜಾಗ ಕೇಳುವುದು ಕನಸಿನ ಮಾತು. ಕನ್ನಡನಾಡಿನ ಪ್ರತಿಭಾವಂತ ಸವಾರರು ಇಂದಿಗೂ ರಾಷ್ಟ್ರೀಯ ಸ್ಪರ್ಧೆಗೆ ಬೈಕು, ಕಾರು ಹೇರಿಕೊಂಡು ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಬರುವುದರ ಹಿಂದೆ ಈ ಇತಿಹಾಸವಿದೆ.

ಮದ್ರಾಸಿನ ಕ್ಲಬ್ ಶೋಳಾವರಂನಲ್ಲೇ ಟೈರು ಜೋಡಿಸುತ್ತ ಕುಳಿತಿದ್ದರೆ ಅದರ ಕಥೆಯೂ ಬಹುಶಃ ಇದೇ ಆಗುತ್ತಿತ್ತು. ಅದು ಸ್ವಂತ ನೆಲ ಹುಡುಕಿ, ರೇಸಿಗೆಂದೇ 3.717 ಕಿ.ಮೀ. ಉದ್ದದ, 12 ತಿರುವುಗಳ ಟ್ರ್ಯಾಕ್ ಕಟ್ಟಿಸಿತು.

ಹೊಣೆಯೂ ಸ್ವಂತದ್ದೇ

ಸ್ವಂತ ಟ್ರ್ಯಾಕ್ ಇದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಇರುಂಗಾಟ್ಟುಕೋಟ್ಟೈಯಲ್ಲಿ ಬೆಂಗಳೂರಿನ 13 ವರ್ಷದ ಬೈಕ್ ಸವಾರನೊಬ್ಬ ಸ್ಪರ್ಧೆಯ ವೇಳೆ ಬಿದ್ದು ಮೃತಪಟ್ಟದ್ದು ನಮ್ಮೆಲ್ಲರ ಮನ ಕಲಕಿತ್ತು. ಅದೇ ವರ್ಷದ ಜನವರಿಯಲ್ಲಿ ಅನುಭವಿ ಚಾಲಕರೊಬ್ಬರು ಇಲ್ಲಿಯೇ ಅಸುನೀಗಿದ್ದರು. ಆದರೆ ಸ್ವಂತ ನೆಲದಲ್ಲಿ ತಿರುವನ್ನು ತಿದ್ದಬಹುದು, ತಡೆಗೋಡೆಯನ್ನು ಹಿಂದೆ ಸರಿಸಬಹುದು, ಹೊಣೆ ಯಾರದೆಂದು ಕೇಳಬಹುದು. ಎರವಲು ನೆಲದಲ್ಲಿ ಈ ಯಾವುದಕ್ಕೂ ಅವಕಾಶ ಕಡಿಮೆ.

2024ರ ಆಗಸ್ಟ್ 31 ಹಾಗೂ ಸೆಪ್ಟೆಂಬರ್ 1ರಂದು ಐಲ್ಯಾಂಡ್ ಗ್ರೌಂಡ್ಸ್ ಸುತ್ತಲಿನ ಬೀದಿಗಳಲ್ಲಿ 3.5 ಕಿ.ಮೀ. ಟ್ರ್ಯಾಕ್ ಮಾಡಿ ರಾತ್ರಿ ರೇಸು ನಡೆಸಲಾಯಿತು. ಜನ ಸೇರಿದರು, ನೋಟವೂ ಸೊಗಸಾಗಿತ್ತು. ಆದರೆ ಅದು ಸಂಚಾರ ನಿಲ್ಲಿಸಿ ಪಡೆದ ಎರವಲು ರಸ್ತೆ. ನ್ಯಾಯಾಲಯದ ಷರತ್ತುಗಳನ್ನೂ ದಾಟಿ ಬರಬೇಕಾಯಿತು.

ಇತ್ತ ಶ್ರೀಪೆರಂಬದೂರಿನಿಂದಲೂ ಪಶ್ಚಿಮಕ್ಕೆ, ಕಾಂಚೀಪುರಂ ಜಿಲ್ಲೆಯ ಪರಂದೂರಿನಲ್ಲಿ ಚೆನ್ನೈಗೆ ಎರಡನೇ ವಿಮಾನ ನಿಲ್ದಾಣ ಕಟ್ಟುವುದಾಗಿ 2022ರಲ್ಲಿ ಪ್ರಕಟಿಸಲಾಯಿತು. ಏಕನಾಪುರಂ ಮೊದಲಾದ ಹಳ್ಳಿಗಳ ರೈತರು ಅಂದಿನಿಂದಲೇ ವಿರೋಧಕ್ಕಿಳಿದರು. ರೇಸಿನ ಟ್ರ್ಯಾಕಿಗೆ ಬದಲಿ ಜಾಗ ಹುಡುಕಬಹುದು, ತಲೆತಲಾಂತರದ ಗದ್ದೆ ಕೆರೆಗಳಿಗೆ ಬದಲಿ ಎಲ್ಲಿಂದ ತರುವುದು? ರನ್‌ವೇಯ ನೆರೆಯವರು ತೆರುವ ಬೆಲೆ ರೇಸಿನವರಿಗಿಂತ ಹೆಚ್ಚು ರೈತರಿಗೆ ಗೊತ್ತು.

ಸಂಘಗಳನ್ನು ನಡೆಸುವ ನಮ್ಮವರಿಗೆ ಈ ವಿಚಾರ ಹೊಸದೇನಲ್ಲ. ರಾಜ್ಯೋತ್ಸವಕ್ಕೆ ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದವರಿಗೆ ಮುಹೂರ್ತದ ದಿನ ಬಂದರೆ ಯಾರು ಜಾಗ ಬಿಡಬೇಕಾಗುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ. ಶೋಳಾವರಂ ಕೈತಪ್ಪುವ ಮೊದಲೇ ಮದ್ರಾಸಿನ ಕ್ಲಬ್ ಎಚ್ಚೆತ್ತಿತು, ಬೆಂಗಳೂರು ಎಚ್ಚೆಳಲಿಲ್ಲ. ಮುಂದಿನ ಬಾರಿ ಊರಿಗೆ ಹೋಗುವಾಗ ಇರುಂಗಾಟ್ಟುಕೋಟ್ಟೈ ಬಳಿ ಮಕ್ಕಳಿಗೆ ಆ ಟ್ರ್ಯಾಕನ್ನು ತೋರಿಸಿ, ಈ ಮಾತನ್ನೂ ತಿಳಿಸಬಹುದು.