ಬುದ್ಧಿಯನ್ನಳೆಯುವ ಕೋಲು

ಮೊರಬದಂತಹ ಊರಿನಲ್ಲಿ ಮಗುವೊಂದಕ್ಕೆ ದಡ್ಡನೆಂಬ ಹೆಸರು ಒಮ್ಮೆ ಅಂಟಿತೆಂದರೆ ಅದು ಬೇಗನೆ ಅಳಿಯದು. ಶಾಲೆಯಲ್ಲಿ ಬಾಯಿ ಬಿಡದೆ ಕುಳಿತದ್ದಷ್ಟೇ ಅದರ ಅಪರಾಧ. ಬುದ್ಧಿಯನ್ನು ಅಳೆಯುವದಾದರೆ ಯಾವ ಕೋಲಿನಿಂದ ಅಳೆಯಬೇಕೆಂಬ ವಿಚಾರವನ್ನು ನಮ್ಮ ಧಾರವಾಡದಲ್ಲಿಯೇ ಡಾ. ವಿ. ವಿ. ಕಾಮತರು ಬಹು ಶ್ರಮದಿಂದ ಮಾಡಿದರೆಂಬದನ್ನು ನಮ್ಮ ವಾಚಕರಲ್ಲಿ ಬಹು ಜನರು ಅರಿತಿರಲಾರರು.

ಇಂತಹ ಪರೀಕ್ಷೆಯನ್ನು ಪ್ಯಾರಿಸ್ಸಿನಲ್ಲಿ 1905ರಲ್ಲಿ ಬಿನೆ, ಸಿಮೊನ್ ಎಂಬವರು ಕಟ್ಟಿದರು. ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಬೋಧನೆಯನ್ನು ಒದಗಿಸಬೇಕೆಂಬದೇ ಅವರ ಉದ್ದೇಶ. ಅಮೇರಿಕೆಯಲ್ಲಿ ಟರ್ಮನ್ನನು 1916ರಲ್ಲಿ ಅದನ್ನು ತಿದ್ದಿದನು. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆಂದು ಅದನ್ನು ಹೊಸದಾಗಿ ಅಳವಡಿಸಿ 1934ರಲ್ಲಿ ವಿದ್ವಾಂಸರ ಮುಂದಿಟ್ಟರು. 1940ರಲ್ಲಿ ಅವರ ಇಂಗ್ಲಿಷ್ ಗ್ರಂಥವೂ ಹೊರಬಂದಿತು.

ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಐದು ವರ್ಷದ ಪ್ರಶ್ನೆ ಯಾವದು, ಏಳರದು ಯಾವದು ಎಂಬದನ್ನು ಪುಸ್ತಕವು ಹೇಳಲಾರದು. ಮಕ್ಕಳನ್ನೇ ಒಬ್ಬೊಬ್ಬರಾಗಿ ಕೂಡ್ರಿಸಿಕೊಂಡು ಕೇಳಬೇಕು. ಆ ವಯಸ್ಸಿನ ಹೆಚ್ಚು ಮಕ್ಕಳು ಉತ್ತರಿಸಿದರೆ ಮಾತ್ರ ಅದು ಆ ವಯಸ್ಸಿನ ಪ್ರಶ್ನೆ. ಕಾಮತರು ಸಾವಿರಕ್ಕೂ ಮಿಕ್ಕಿದ ಮಕ್ಕಳನ್ನು ಹೀಗೆ ಪರೀಕ್ಷಿಸಿದರು. ಪರದೇಶದ ಮಗು ಕಂಡ ವಸ್ತುವನ್ನು ಎರೆಹೊಲದ ಮಗು ಕಂಡಿರದು. ಹೆಸರು, ಮಡಿಕೆಗಳ ಕಾಳನ್ನು ಬೇರೆ ಮಾಡಬಲ್ಲ ನಮ್ಮ ಹುಡುಗಿಯನ್ನು ಆ ಬಗ್ಗೆ ಯಾರೂ ಕೇಳುವದಿಲ್ಲವೆಂಬದು ಬೇರೆ ಮಾತು!

ಎಂಟು ವರ್ಷದ ಮಗು ಆರು ವರ್ಷದವರ ಪ್ರಶ್ನೆಗಳವರೆಗೆ ಮಾತ್ರ ಉತ್ತರಿಸಿದರೆ, ಆರನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸುವರು, 75 ಬರುವದು. ಇದೇ ಬುದ್ಧಿಲಬ್ಧ.

ಬಿನೆ-ಕಾಮತ ಪರೀಕ್ಷೆಯು ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬುದ್ಧಿಮಾಂದ್ಯದ ಪ್ರಮಾಣಪತ್ರಕ್ಕೂ, ಅದರಿಂದ ದೊರೆಯುವ ಸಹಾಯಕ್ಕೂ ಇಂತಹ ಅಂಕೆ ಬೇಕಾಗುವದು. ಆದರೆ ಅದರ ಮೂಲ ಅಳತೆಯು 1930ರ ದಶಕದ ಮಕ್ಕಳದು. ಅಂದಿನ ಮನೆ, ಅಂದಿನ ಶಾಲೆ ಇಂದು ಉಳಿದಿಲ್ಲ. ಒಂದು ಅಂಕೆಯ ಮೇಲೆಯೇ ಮಗುವಿನ ಭವಿಷ್ಯವನ್ನು ಬರೆಯುವದು ನಮಗೆ ಸರಿದೋರದು. ಬುದ್ಧಿಯು ಬೆಳೆಯಲಾರದೆಂಬವರನ್ನು ಸ್ವತಃ ಬಿನೆಯೇ 1909ರಲ್ಲಿ ಖಂಡಿಸಿದ್ದನು. ಆದುದರಿಂದಲೇ ಉಣ್ಣುವದು, ಉಡುವದು, ಒಡನಾಡುವದು ಮೊದಲಾದ ನಿತ್ಯದ ನಡತೆಯನ್ನು ನೋಡುವ ವೈನ್‌ಲ್ಯಾಂಡ್ ಎಂಬ ಬೇರೊಂದು ಅಳತೆಯನ್ನೂ ಜೊತೆಗೆ ಬಳಸುವರು.

ಮಗುವನ್ನು ಪರೀಕ್ಷೆಗೆ ಒಯ್ಯುವ ತಾಯಿತಂದೆಗಳು ಮೊದಲು ಅದರ ಕಿವಿ, ಕಣ್ಣುಗಳನ್ನು ವೈದ್ಯರಿಗೆ ತೋರಿಸಲಿ. ಮಂದ ಕಿವಿಯ ಮಗುವೂ ಮೂಕನಂತೆಯೇ ಕೂಡ್ರುವದು. ಹಸಿದ, ನಿದ್ದೆಗೆಟ್ಟ ಮಗುವನ್ನು ಅಂದು ಒಯ್ಯಬಾರದು. ಪ್ರಶ್ನೆಯು ಮನೆಮಾತಿನಲ್ಲಿಯೇ ಇರಲೆಂದು ಸಂಕೋಚವಿಲ್ಲದೆ ಕೇಳಿಕೊಳ್ಳಬೇಕು.