ಬರೆದ ಉಡುಪು, ಹೊಲಿದ ಉಡುಪು

ಪಿಯುಸಿ ಫಲಿತಾಂಶದ ದಿನಗಳಲ್ಲಿ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಯಾರ ಮನೆಗೆ ಹೋದರೂ ಮಾತು ಎಂಜಿನಿಯರಿಂಗ್, ಮೆಡಿಕಲ್ ಸೀಟಿನದೇ. ಅದರ ನಡುವೆ ಮಗಳೊಬ್ಬಳು ‘ಬಟ್ಟೆಯ ಚಿತ್ರ ಬರೆಯುವುದನ್ನು ಕಲಿಯುತ್ತೇನೆ’ ಎಂದರೆ ಅಪ್ಪ ಹುಬ್ಬು ಗಂಟಿಕ್ಕುತ್ತಾರೆ. ‘ಅದ್ರಿಂದ ಹೊಟ್ಟಿ ತುಂಬ್ತದೇನವ್ವಾ?’ ಎಂದು ಅಮ್ಮ ಕೇಳುತ್ತಾರೆ. ಜೀನ್ಸ್ ಹೊಲಿಗೆಗೆ ಹೆಸರಾದ ಊರಿನಲ್ಲೇ ಈ ಪ್ರಶ್ನೆ ಏಳುವುದು ವಿಚಿತ್ರವೇ ಸರಿ.

ಈ ಪ್ರಶ್ನೆಗೆ ಉತ್ತರದಂತಿತ್ತು ಭಾನು ಅಥೈಯಾ ಅವರ ಬದುಕು. 2020ರ ಅಕ್ಟೋಬರ್‌ನಲ್ಲಿ, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಡಿಸೆಂಬರ್‌ನಲ್ಲಿ ಮುಂಬೈಯ ಪ್ರಿನ್ಸೆಪ್ಸ್ ಸಂಸ್ಥೆ ಅವರ ಕಲಾಕೃತಿಗಳನ್ನೂ ಉಡುಪಿನ ರೇಖಾಚಿತ್ರಗಳನ್ನೂ ಒಟ್ಟಿಗೆ ಹರಾಜಿಗಿಟ್ಟಿತು. ಸಿನಿಮಾದ ವಸ್ತ್ರವಿನ್ಯಾಸಕಿ ಎಂದಷ್ಟೇ ಅವರನ್ನು ಬಲ್ಲವರು, ಮೊದಲು ಅವರು ಚಿತ್ರಗಾರ್ತಿಯಾಗಿದ್ದರು ಎಂಬುದನ್ನು ಆಗ ಅರಿತರು.

ಭಾನು ಹುಟ್ಟಿದ್ದು 1929ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರದಲ್ಲಿ. ಚಿತ್ರಕಾರರಾಗಿದ್ದ ತಂದೆ ಮಗಳ ಬಾಲ್ಯದಲ್ಲೇ ತೀರಿಕೊಂಡರು. ಅಂಥ ಮನೆಯ ಹುಡುಗಿ ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದಳು, ಚಿನ್ನದ ಪದಕ ಪಡೆದಳು. 1953ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. ಆದರೆ ಕೈಗೆ ಕಾಸು ತಂದದ್ದು ‘ಫ್ಯಾಷನ್ ಅಂಡ್ ಬ್ಯೂಟಿ’, ‘ಈವ್ಸ್ ವೀಕ್ಲಿ’ ಪತ್ರಿಕೆಗಳಿಗೆ ಬರೆದ ಉಡುಪಿನ ಚಿತ್ರಗಳು. ಆ ಪತ್ರಿಕೆಯ ಸಂಪಾದಕಿ ಬಟ್ಟೆಯಂಗಡಿ ತೆರೆದಾಗ, ಬರೆದದ್ದನ್ನು ಹೊಲಿಸಿಯೂ ನೋಡುವ ಅವಕಾಶ ಸಿಕ್ಕಿತು. ಅಲ್ಲಿಗೆ ಬಂದ ತಾರೆಯರು ಮೆಚ್ಚಿದರು. ಹೀಗೆ ಸಿನಿಮಾ ಕೆಲಸ ಶುರುವಾಯಿತು; ‘ಸಿ.ಐ.ಡಿ.’ (1956) ಅವರ ಆರಂಭದ ಚಿತ್ರಗಳಲ್ಲೊಂದು.

ಉಡುಪಿನ ಚಿತ್ರವೆಂದರೆ ಚೆಂದದ ಹುಡುಗಿಯ ಚಿತ್ರ ಎಂದುಕೊಂಡವರೇ ಹೆಚ್ಚು. ನಿಜವಾದ ಕೆಲಸ ಬೇರೆ. ರೇಷ್ಮೆ ಹೇಗೆ ಇಳಿಬೀಳುತ್ತದೆ, ಹತ್ತಿ ಹೇಗೆ ಸೆಟೆದು ನಿಲ್ಲುತ್ತದೆ, ನಡೆದಾಗ ನೆರಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಕತ್ತರಿ ಹಾಕುವ ಮೊದಲೇ ಗೆರೆ ಹೇಳಬೇಕು. ‘ಬ್ರಹ್ಮಚಾರಿ’ (1968) ಚಿತ್ರದಲ್ಲಿ ಮುಮ್ತಾಜ್ ಉಟ್ಟು ಕುಣಿದ ಕಿತ್ತಳೆ ಸೀರೆಯನ್ನೇ ನೋಡಿ. ನೋಡುವವರಿಗೆ ಅದು ಮೈಗೆ ಸುತ್ತಿದ ಸೀರೆ. ಅಸಲಿಗೆ ಜಿಪ್ ಇಟ್ಟು ಹೊಲಿದದ್ದು. ಎಷ್ಟು ಕುಣಿದರೂ ಜಾರದು. ಸೀರೆಯ ಪ್ರತಿ ಸುತ್ತನ್ನೂ ಮನಸ್ಸಿನಲ್ಲೇ ಬಿಚ್ಚಿ ನೋಡಬಲ್ಲವರಿಗಷ್ಟೇ ಇಂಥದ್ದು ಹೊಳೆದೀತು.

‘ಗಾಂಧಿ’ ಚಿತ್ರದ ಉಡುಪುಗಳಿಗಾಗಿ 1983ರಲ್ಲಿ ಜಾನ್ ಮೊಲ್ಲೊ ಜೊತೆ ಅವರಿಗೆ ಆಸ್ಕರ್ ಬಂತು. ಭಾರತೀಯರೊಬ್ಬರಿಗೆ ಸಿಕ್ಕ ಮೊದಲ ಆಸ್ಕರ್ ಅದು. ಸೂಟು ತೊಟ್ಟ ಬ್ಯಾರಿಸ್ಟರ್ ತುಂಡುಪಂಚೆಗೆ ಬಂದು ನಿಂತ ಕಥೆಯ ಅರ್ಧ ಭಾಗವನ್ನು ಬಟ್ಟೆಯೇ ಹೇಳುತ್ತದೆ.

ಹೊರದೇಶದಲ್ಲೂ ಇಂಥ ಉದಾಹರಣೆಯುಂಟು. ಪೋರ್ಟೊ ರಿಕೋದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಆಂಟೋನಿಯೊ ಲೋಪೆಜ್ ಅವರ ತಾಯಿ ಹೊಲಿಗೆಯವರು. ಹುಡುಗ ಬೀದಿ ಸುತ್ತದಿರಲೆಂದು ಕಸೂತಿಗೆ ಹೂವು ಬರೆದುಕೊಡಲು ಕೂರಿಸುತ್ತಿದ್ದರಂತೆ. ಆ ಹುಡುಗ ಫ್ಯಾಷನ್ ಚಿತ್ರಕಾರನಾಗಿ ಹೆಸರು ಮಾಡಿದ. 1987ರಲ್ಲಿ ತೀರಿಕೊಂಡ ಆತನ ಕೆಲಸದ ದೊಡ್ಡ ಪ್ರದರ್ಶನವೊಂದು 2016ರಲ್ಲಿ ಅದೇ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ನಡೆಯಿತು.

ತಂದೆತಾಯಂದಿರಿಗೆ ಒಂದು ಮಾತು. ಬೆಂಗಳೂರಿನ ನಿಫ್ಟ್‌ನಲ್ಲಿ ವಿನ್ಯಾಸ ಪದವಿಗೆ ಪಿಯುಸಿಯ ಯಾವ ವಿಭಾಗದವರೂ ಅರ್ಜಿ ಹಾಕಬಹುದು. ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯುವ ಭಾಗವೂ ಇದೆ, ಕೈಯಾರೆ ಮಾದರಿ ಮಾಡುವ ಭಾಗವೂ ಇದೆ. ಶುಲ್ಕ ಕಡಿಮೆಯೇನಲ್ಲ, ಸೀಟು ಸಲೀಸಾಗಿಯೂ ಸಿಗದು. ಮಗುವಿಗೆ ನಿಜಕ್ಕೂ ಆಸೆಯಿದೆಯೇ ಎಂಬುದು ದಿನಾ ತುಂಬುವ ಹಾಳೆಗಳಿಂದಲೇ ತಿಳಿದೀತು.

ಭಾನು 2012ರಲ್ಲಿ ಆಸ್ಕರ್ ಪ್ರತಿಮೆಯನ್ನು ಅಮೆರಿಕದ ಅಕಾಡೆಮಿಗೇ ಮರಳಿ ಒಪ್ಪಿಸಿದರು, ಅಲ್ಲಾದರೆ ಜೋಪಾನವಾಗಿರುತ್ತದೆಂದು. ನಮ್ಮ ದೇಶದ ವಸ್ತುಸಂಗ್ರಹಾಲಯಗಳಿಗೆ ಇದಕ್ಕಿಂತ ದೊಡ್ಡ ಛೀಮಾರಿ ಬೇಕಿಲ್ಲ. ಅವರ ಕೆಲಸ ನೋಡಬಯಸುವ ವಿದ್ಯಾರ್ಥಿಗಳು 2010ರಲ್ಲಿ ಅವರೇ ಬರೆದ ‘ದಿ ಆರ್ಟ್ ಆಫ್ ಕಾಸ್ಟ್ಯೂಮ್ ಡಿಸೈನ್’ ಪುಸ್ತಕವನ್ನು ಹುಡುಕಬೇಕು. ಕಾಲೇಜಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ, ತರಿಸಿಕೊಡಿ ಎಂದು ಕೇಳಲು ಸಂಕೋಚಪಡಬೇಕಿಲ್ಲ.