ಬ್ರೇಕಿಲ್ಲದ ಗಾಡಿಗೆ ಹೊಣೆ ಯಾರು?

ಹಳೆಯ ಗಾಡಿಗಳ ಯೋಗ್ಯತಾ ಪತ್ರದ ಶುಲ್ಕವನ್ನು ಕೇಂದ್ರ ಸರ್ಕಾರವು 2025ರ ನವೆಂಬರಿನಲ್ಲಿ ಮತ್ತೊಮ್ಮೆ ಏರಿಸಿತು. ಇಪ್ಪತ್ತು ವರ್ಷ ದಾಟಿದ ಭಾರಿ ಲಾರಿಗೆ, ಬಸ್ಸಿಗೆ 25,000 ರೂಪಾಯಿ. ಮೂರು ಚಕ್ರದ ಗಾಡಿಗೆ 7,000 ರೂಪಾಯಿ. ನಾಲ್ಕು ವರ್ಷ ಹಿಂದಕ್ಕೆ ಹೋದರೆ, 2021ರ ಅಧಿಸೂಚನೆಯು ಹದಿನೈದು ವರ್ಷ ದಾಟಿದ ಭಾರಿ ಗಾಡಿಯ ಶುಲ್ಕವನ್ನು 1,500ರಿಂದ 12,500ಕ್ಕೆ ಒಂದೇ ಏಟಿಗೆ ಎತ್ತಿತ್ತು. ಪತ್ರದ ಅವಧಿ ಮುಗಿದ ಮೇಲೆ ತಡಮಾಡಿದರೆ ದಿನವೊಂದಕ್ಕೆ 50 ರೂಪಾಯಿ ಹೆಚ್ಚುವರಿ ತೆರಬೇಕೆಂದೂ ಅದು ವಿಧಿಸಿತು. ಲಾರಿ ಸ್ಟ್ಯಾಂಡಿನಲ್ಲಿ, ಗೂಡ್ಸ್ ಆಟೋಗಳು ನಿಲ್ಲುವ ಸಂತೆಯ ಮೂಲೆಯಲ್ಲಿ, ಗ್ಯಾರೇಜುಗಳ ಮುಂದೆ ಈಗ ಇದೇ ಮಾತು.

ಇದು ಗಾಡಿ ಇಟ್ಟವರ ಪಾಡು, ಮಿಲ್ ಕೂಲಿಗೂ ಅಂಗಡಿಯವನಿಗೂ ಏನು ಸಂಬಂಧವೆಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಸಂಬಂಧ ಉಂಟು. ಪಾಳಿಗೆ ಕರೆದೊಯ್ಯುವ ಬಾಡಿಗೆ ವ್ಯಾನಿನಲ್ಲಿ ಕೂರುವವರು ನೀವು. ಮಾರುಕಟ್ಟೆಯಿಂದ ಮೂಟೆ ತರಿಸಿ ಗಾಡಿ ಬಾಡಿಗೆ ಕೊಡುವವರು ನೀವು. ಶುಲ್ಕ ಏರಿದರೆ ಬಾಡಿಗೆಯ ರೂಪದಲ್ಲಿ ತೆರುವವರೂ ನೀವೇ. ಬ್ರೇಕು ಹೋದರೆ ಪ್ರಾಣದ ರೂಪದಲ್ಲಿ ತೆರುವವರೂ ನೀವೇ. ಆದ್ದರಿಂದ ಈ ವಿಷಯವನ್ನು ಬುಡದಿಂದ ನೋಡುವುದು ಅಗತ್ಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಗಾಡಿಯ ತಪಾಸಣೆಯನ್ನು ನಾವು ವಿರೋಧಿಸುವುದಿಲ್ಲ. ತಪಾಸಣೆ ಬೇಕು, ಕಟ್ಟುನಿಟ್ಟಾಗಿ ಬೇಕು. 2022ನೇ ಇಸವಿಯೊಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಇವರಲ್ಲಿ ಎಲ್ಲರೂ ಗಾಡಿಯ ದೋಷದಿಂದ ಸತ್ತವರಲ್ಲ. ಆದರೆ ಸವೆದ ಟೈರು, ಸೋರುವ ಬ್ರೇಕು, ಉರಿಯದ ಹಿಂದಿನ ದೀಪ ಇವು ಎಷ್ಟು ಮನೆಗಳ ದೀಪ ಆರಿಸಿವೆಯೆಂಬುದನ್ನು ಹೆದ್ದಾರಿಯ ಪಕ್ಕದಲ್ಲಿ ವಾಸಿಸುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಬ್ರೇಕು ಏಕೆ ಕೈಕೊಡುತ್ತದೆಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. ಕಾರು, ವ್ಯಾನು, ಸಣ್ಣ ಟೆಂಪೋಗಳಲ್ಲಿ ಪೆಡಲಿನ ಒತ್ತಡವನ್ನು ಚಕ್ರದವರೆಗೆ ಸಾಗಿಸುವುದು ಬ್ರೇಕ್ ಆಯಿಲು. ಈ ಆಯಿಲು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಅದು ಕುದಿಯಲು ಬೇಕಾದ ಶಾಖ ಕಡಮೆಯಾಗುತ್ತಾ ಬರುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಚಾಲಕನು ಮತ್ತೆ ಮತ್ತೆ ಬ್ರೇಕು ತುಳಿಯುತ್ತಾನೆ. ಚಕ್ರದ ಬಳಿ ಶಾಖ ಏರುತ್ತದೆ. ಆಯಿಲಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಆಮೇಲೆ ತುಳಿದ ಪೆಡಲು ಸೀದಾ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆಲವು ನೂರು ರೂಪಾಯಿಯ ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಿಸಿದ್ದರೆ ತಪ್ಪಿಸಬಹುದಾಗಿದ್ದ ಅನಾಹುತವಿದು. ಇದಕ್ಕೆ ‘ದೈವೇಚ್ಛೆ’ ಎನ್ನುವುದು ಸುಳ್ಳು. ಹಣ ಉಳಿಸಿದವನೊಬ್ಬ, ಸತ್ತವನು ಮತ್ತೊಬ್ಬ.

ಇನ್ನು ತಪಾಸಣೆ ನಡೆಯುವ ರೀತಿ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನಂತೆ, ಯೋಗ್ಯತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಸರಿಯಾಗಿ ನೋಂದಣಿಯಾದ ವಾಹನವೆಂದೇ ಎಣಿಸುವುದಿಲ್ಲ. ಹೊಸ ಗಾಡಿಗೆ ಎರಡು ವರ್ಷದ ಪತ್ರ; ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಕಾನೂನು ಚೆನ್ನಾಗಿದೆ. ಆಚರಣೆ ಹೇಗಿದೆಯೆಂಬುದು ಗಾಡಿ ಓಡಿಸುವವರಿಗೆಲ್ಲ ಗೊತ್ತು. ಎಫ್.ಸಿ.ಯ ದಿನಕ್ಕೆಂದು ಒಳ್ಳೆಯ ಟೈರನ್ನು ಬಾಡಿಗೆಗೆ ತಂದು ಹಾಕುವುದು, ಪತ್ರ ಕೈಗೆ ಬಂದ ಸಾಯಂಕಾಲವೇ ಹಳೆಯ ಬೋಳು ಟೈರನ್ನು ತಿರುಗಿ ಏರಿಸುವುದು; ಬ್ರೋಕರನ ಕೈಗೆ ಹಣ ಕೊಟ್ಟರೆ ಕಣ್ಣಳತೆಯಲ್ಲೇ ಗಾಡಿ ‘ಪಾಸು’ ಆಗುವುದು ಇವೆಲ್ಲ ಬೀದಿಯ ಮಾತು. ಬೇಲಿಯೇ ಎದ್ದು ಹೊಲ ಮೇದರೆ ಕಾಯುವವರು ಯಾರು?

ಇದಕ್ಕೆ ಮದ್ದೆಂದು ಯಾಂತ್ರಿಕ ತಪಾಸಣಾ ಕೇಂದ್ರಗಳನ್ನು ತರಲಾಗಿದೆ. ಉರುಳೆಗಳ ಮೇಲೆ ಚಕ್ರ ನಿಲ್ಲಿಸಿ ಬ್ರೇಕಿನ ಬಲವನ್ನು ಯಂತ್ರವೇ ಅಳೆಯುತ್ತದೆ. ದೀಪ, ಹೊಗೆ, ಸ್ಟೀರಿಂಗು ಇವಕ್ಕೂ ಅಳತೆ ಉಂಟು. ಅಳತೆಯು ಮನುಷ್ಯನ ಕೈ ಸೋಕದೆ ದಾಖಲೆಗೆ ಹೋಗಬೇಕೆಂಬುದು ನಿಯಮ. ಯಂತ್ರಕ್ಕೆ ಲಂಚ ತಿನ್ನಿಸಲಾಗದೆಂಬ ಮಟ್ಟಿಗೆ ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಈ ಕೇಂದ್ರಗಳನ್ನು ಖಾಸಗಿ ಬಂಡವಾಳಗಾರರೂ ನಡೆಸಬಹುದೆಂದು ಬಾಗಿಲು ತೆರೆದಿಟ್ಟಿದ್ದಾರೆ. ತಪಾಸಣೆ ಮಾಡುವವನು ರಿಪೇರಿಯನ್ನಾಗಲಿ ಬಿಡಿಭಾಗದ ವ್ಯಾಪಾರವನ್ನಾಗಲಿ ಮಾಡಕೂಡದೆಂದು ನಿಯಮದಲ್ಲಿ ಬರೆದಿದೆಯೆಂಬುದು ನಿಜ. ಭಾವನ ಹೆಸರಿನಲ್ಲಿ ತಪಾಸಣೆ, ಭಾವಮೈದುನನ ಹೆಸರಿನಲ್ಲಿ ಗ್ಯಾರೇಜು ನಡೆದರೆ ನೋಡುವವರು ಯಾರು? ಗಾಡಿ ತಿರಸ್ಕೃತವಾದಷ್ಟೂ ಮರುತಪಾಸಣೆಯ ಶುಲ್ಕ ಬರುವಲ್ಲಿ, ಲಾಭಕ್ಕಾಗಿ ನಡೆಯುವ ಕೇಂದ್ರದಿಂದ ನ್ಯಾಯ ನಿರೀಕ್ಷಿಸುವುದು ಹೇಗೆ? ಪೊಲೀಸು ಠಾಣೆಯನ್ನು ಗುತ್ತಿಗೆಗೆ ಕೊಡದ ಸರ್ಕಾರವು ಜನರ ಪ್ರಾಣದ ತಪಾಸಣೆಯನ್ನು ಗುತ್ತಿಗೆಗೆ ಕೊಡುವುದು ಯಾವ ನೀತಿ?

ಶುಲ್ಕದ ಹಿಂದಿನ ಉದ್ದೇಶವನ್ನು ಸರ್ಕಾರ ಮುಚ್ಚಿಟ್ಟಿಲ್ಲ. ಹಳೆಯ ಗಾಡಿಯನ್ನು ಗುಜರಿಗೆ ಹಾಕಿಸಿ ಹೊಸದನ್ನು ಕೊಳ್ಳುವಂತೆ ಮಾಡುವುದೇ ಅದು. ನೂರು ಲಾರಿಯ ಧಣಿಗೆ ಇದರಿಂದ ತೊಂದರೆಯಿಲ್ಲ. ಅವನ ಬಳಿ ಹಳೆಯ ಲಾರಿಯೇ ಇರುವುದಿಲ್ಲ. ಹತ್ತು ವರ್ಷ ಓಡಿಸಿ ಅವನು ಮಾರಿದ ಲಾರಿಯನ್ನು ಸಾಲ ಮಾಡಿ ಕೊಂಡು, ತಾನೇ ಓಡಿಸಿ, ತಾನೇ ಗ್ರೀಸು ಹಾಕಿ ಹೊಟ್ಟೆ ಹೊರೆಯುವ ಮನುಷ್ಯನ ಮೇಲೆ ಈ ಏಟು ಬೀಳುತ್ತದೆ. ಅಂಥವನು 25,000 ಕಟ್ಟಬೇಕಾದರೆ ಎಲ್ಲಿಂದ ತರುತ್ತಾನೆ? ಆ ವರ್ಷದ ಬ್ರೇಕ್ ಲೈನರಿನಿಂದ, ಟೈರಿನಿಂದ ಉಳಿಸುತ್ತಾನೆ. ಸುರಕ್ಷತೆಗೆಂದು ಹಾಕಿದ ಶುಲ್ಕವೇ ಸುರಕ್ಷತೆಯ ಹಣವನ್ನು ನುಂಗುತ್ತದೆ. ಗಾಡಿಯ ವಯಸ್ಸು ನೋಡಿ ಶುಲ್ಕ ಹಾಕುವುದಕ್ಕಿಂತ ಗಾಡಿಯ ಸ್ಥಿತಿ ನೋಡಿ ಪತ್ರ ಕೊಡುವುದೇ ತಪಾಸಣೆಯ ಧರ್ಮ.

ಅಪಘಾತವಾದಾಗ ಹೊಣೆ ಯಾರದೆಂಬುದನ್ನೂ ನೋಡೋಣ. ಠಾಣೆಯಲ್ಲಿ ಮೊದಲು ಬರೆಯುವ ಮಾತು ‘ಚಾಲಕನ ಅತಿವೇಗ ಮತ್ತು ಅಜಾಗರೂಕತೆ’. ಹಿಂದಿನ ದಂಡ ಸಂಹಿತೆಯ 304ಎ ಕಲಮಿನಲ್ಲಿ ಇದಕ್ಕೆ ಎರಡು ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು ಐದು ವರ್ಷದವರೆಗೆ ಏರಿದೆ. ಬ್ರೇಕು ಹಿಡಿಯುತ್ತಿಲ್ಲವೆಂದು ಮೂರು ಸಲ ಹೇಳಿದ ಚಾಲಕನಿಗೆ ‘ಈ ಟ್ರಿಪ್ ಮುಗಿಸಿ ಬಾ, ನೋಡೋಣ’ ಎಂದ ಮಾಲೀಕನ ಹೆಸರು ಆ ಕಾಗದದಲ್ಲಿ ಎಷ್ಟು ಸಲ ಬರುತ್ತದೆ? ಕಾನೂನಿನಲ್ಲಿ ದಾರಿಯಿಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 190ನೇ ಕಲಮು ದೋಷವುಳ್ಳ ಗಾಡಿಯನ್ನು ಓಡಿಸಿದವನನ್ನಷ್ಟೇ ಹಿಡಿಯದೆ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಕಲಮು ಉಂಟು, ಬಳಸುವ ಕೈ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯ ಇನ್ನೆಷ್ಟು ದಿನ?

ಈಗ ಗ್ಯಾರೇಜಿನ ಮಾತಿಗೆ ಬರೋಣ. ಬೇವಿನ ಮರದ ಕೆಳಗೆ ಸ್ಪಾನರು ಹಿಡಿದು ಕುಳಿತ ಮೇಸ್ತ್ರಿಯನ್ನು ಕಂಪನಿಯ ಷೋರೂಮಿನವರು ‘ಕಲಿಯದವನು’ ಎಂದು ಹಂಗಿಸುತ್ತಾರೆ. ಆತ ಕಲಿಯದಂತೆ ನೋಡಿಕೊಂಡವರು ಯಾರು? ಹೊಸ ಗಾಡಿಗಳ ದೋಷ ಕಂಡುಹಿಡಿಯಲು ಕಂಪ್ಯೂಟರ್ ಉಪಕರಣ ಬೇಕು. ಅದನ್ನೂ ಅಸಲಿ ಬಿಡಿಭಾಗವನ್ನೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಕಾರು ಕಂಪನಿಗಳು ತಡೆದಿವೆಯೆಂಬ ದೂರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2014ರ ಆಗಸ್ಟಿನಲ್ಲಿ ಆಯೋಗವು ಹದಿನಾಲ್ಕು ಕಂಪನಿಗಳು ತಪ್ಪಿತಸ್ಥರೆಂದು ತೀರ್ಮಾನಿಸಿ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ವಿಷಯ ವರ್ಷಗಟ್ಟಲೆ ಎಳೆಯಿತು. 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆಯು ‘ರಿಪೇರಿಯ ಹಕ್ಕು’ ಎಂಬ ಹೆಸರಿನಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿ ಒಂದು ಏರ್ಪಾಡನ್ನು ಆರಂಭಿಸಿತು. ಹಕ್ಕೆಂದು ಹೆಸರಿಟ್ಟರೆ ಸಾಲದು; ಕಾನೂನಿನ ಬಲ ಬೇಕು.

ಕಾರ್ಖಾನೆಯಲ್ಲಿ ತಯಾರಾದ ಅಗತ್ಯ ವಸ್ತುವಿನ ಮಾರಾಟದ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಕೂಡದೆಂಬುದು ಡಾ. ಲೋಹಿಯಾ ಅವರು ಮುಂದಿಟ್ಟ ಬೆಲೆ ನೀತಿ. ಬಡವನ ಆಟೋದ ಬ್ರೇಕ್ ಷೂವಿಗೆ ಅನ್ವಯಿಸದೆ ಆ ನೀತಿಯನ್ನು ಇನ್ನಾವುದಕ್ಕೆ ಅನ್ವಯಿಸುವುದು? ಅಸಲಿ ಭಾಗದ ಬೆಲೆ ಕೈಗೆಟುಕದಿದ್ದರೆ ನಕಲಿ ಭಾಗ ಬರುತ್ತದೆ. ನಕಲಿ ಬ್ರೇಕ್ ಷೂವಿನಿಂದ ಸಾಯುವವನು ಬೆಲೆ ಕಟ್ಟಿದವನಲ್ಲ.

ಗ್ಯಾರೇಜಿನ ಹುಡುಗರ ಬದುಕೂ ನಮ್ಮ ಚಳವಳಿಯ ವಿಷಯವೇ. ಗ್ಯಾರೇಜಿನ ಮೆಕ್ಯಾನಿಕ್ಕನೂ ಸೇರಿ ಮೋಟಾರು ಸಾರಿಗೆಯ ದುಡಿಮೆಗಾರರಿಗೆ ಸಾಮಾಜಿಕ ಭದ್ರತೆ ಒದಗಿಸುವ ಕಾಯ್ದೆಯನ್ನು ನಮ್ಮ ರಾಜ್ಯವು 2024ರಲ್ಲಿ ತಂದಿತು. ಹೆಸರು ನೋಂದಾಯಿಸದವನಿಗೆ ಕಾಯ್ದೆಯಿಂದ ಫಲವಿಲ್ಲ. ಪಕ್ಷದ ಕಾರ್ಯಕರ್ತರು ಗ್ಯಾರೇಜು ಗ್ಯಾರೇಜಿಗೆ ಹೋಗಿ ಅರ್ಜಿ ತುಂಬಿಸಬೇಕು. ಓದು ಬಾರದವನಿಗೆ ಓದಿ ಹೇಳಬೇಕು.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇಷ್ಟು:

ಒಂದು, ಪ್ರತಿ ಜಿಲ್ಲೆಯಲ್ಲೂ ಸರ್ಕಾರವೇ ನಡೆಸುವ ಯಾಂತ್ರಿಕ ತಪಾಸಣಾ ಕೇಂದ್ರ ಇರಬೇಕು. 1948ರಲ್ಲಿ ಮೈಸೂರು ಸರ್ಕಾರವು ಬಸ್ಸು ಓಡಿಸಲು ಮುಂದಾಯಿತು. 1961ರಲ್ಲಿ ಅದು ನಿಗಮವಾಯಿತು. ಸಾವಿರಾರು ಬಸ್ಸುಗಳನ್ನು ತನ್ನ ಡಿಪೋಗಳಲ್ಲಿ ರಿಪೇರಿ ಮಾಡಿಕೊಳ್ಳಬಲ್ಲ ಸಾರ್ವಜನಿಕ ವಲಯಕ್ಕೆ ಗಾಡಿ ತಪಾಸಣೆ ಬಾರದೆಂದರೆ ಯಾರೂ ನಂಬುವುದಿಲ್ಲ.

ಎರಡು, ಒಂದೇ ಗಾಡಿ ಇಟ್ಟು ತಾನೇ ಓಡಿಸುವವನಿಗೆ ಏರಿಸಿದ ಶುಲ್ಕದಿಂದ ವಿನಾಯಿತಿ ಕೊಡಬೇಕು.

ಮೂರು, ಗಾಡಿ ತಿರಸ್ಕೃತವಾದರೆ ಯಾವ ದೋಷವೆಂದು ಕನ್ನಡದಲ್ಲಿ ಬರೆದ ಪಟ್ಟಿ ಕೈಗೆ ಸಿಗಬೇಕು. ಅದೇ ದೋಷವನ್ನು ಸರಿಪಡಿಸಿ ತಂದಾಗ ಮೊದಲ ಮರುತಪಾಸಣೆಗೆ ಶುಲ್ಕ ಇರಕೂಡದು.

ನಾಲ್ಕು, ಸಾವು ಸಂಭವಿಸಿದ ಪ್ರತಿ ಅಪಘಾತದಲ್ಲೂ ಗಾಡಿಯ ಸ್ಥಿತಿಯ ತನಿಖೆ ನಡೆದು, ದೋಷ ಕಂಡುಬಂದರೆ ಮಾಲೀಕನ ಮೇಲೂ ಮೊಕದ್ದಮೆ ಹೂಡಬೇಕು.

ಸರ್ಕಾರದ ಕಡೆ ನೋಡುತ್ತಾ ಕೂರುವುದು ಸಮಾಜವಾದಿಯ ಕೆಲಸವಲ್ಲ. ನಾವೇ ಮಾಡಬಹುದಾದದ್ದೂ ಇದೆ. ಮಿಲ್ ಕಾರ್ಮಿಕರು ತಮ್ಮನ್ನು ಕರೆದೊಯ್ಯುವ ವ್ಯಾನಿನ ಯೋಗ್ಯತಾ ಪತ್ರವನ್ನು ಕೇಳಿ ನೋಡಲಿ. ಟೈರಿನ ಹಲ್ಲು 1.6 ಮಿಲಿಮೀಟರಿಗಿಂತ ಕಡಮೆಯಾಗಿರಕೂಡದೆಂದು ನಿಯಮ; ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ, ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಆ ಟೈರಿನ ಕಾಲ ಮುಗಿಯಿತು. ಇದನ್ನು ನೋಡಲು ಇಂಜಿನಿಯರು ಬೇಕಿಲ್ಲ. ದೋಷ ಕಂಡರೆ ಯೂನಿಯನ್ನಿನ ಮೂಲಕ ಬರಹದಲ್ಲಿ ಆಡಳಿತಕ್ಕೆ ಕೊಡಿ, ನಕಲನ್ನು ಇಟ್ಟುಕೊಳ್ಳಿ. ಕೆಲಸಕ್ಕೆ ಹೋಗಿಬರುವ ಹಾದಿಯ ಅಪಘಾತವನ್ನು, ಕೆಲಸದೊಡನೆ ಸಂಬಂಧ ತೋರಿಸಿದರೆ, ಕೆಲಸದ ಅಪಘಾತವೆಂದೇ ಎಣಿಸುವ ನಿಯಮವನ್ನು 2010ರಲ್ಲಿ ಇ.ಎಸ್.ಐ. ಕಾನೂನಿಗೆ ಸೇರಿಸಲಾಯಿತು, 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಬರೆದು ಕೊಟ್ಟ ದೂರಿನ ನಕಲು ಅಂಥ ದಿನ ನಿಮ್ಮ ಮನೆಯವರ ಕೈ ಹಿಡಿಯುತ್ತದೆ.

ಸಣ್ಣ ವ್ಯಾಪಾರಿಗಳು ರಿಪೇರಿಗೆ ಬಿಟ್ಟಾಗ ಮೊದಲೇ ಖರ್ಚಿನ ಅಂದಾಜನ್ನು ಬರೆಸಿಕೊಳ್ಳಲಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಲಿ. ರಸೀದಿ ಇಲ್ಲದೆ ಹಣ ಕೊಡದಿರಲಿ. ಹತ್ತು ರೂಪಾಯಿ ಉಳಿಯುತ್ತದೆಂದು ಗಾಡಿಗೆ ಮಿತಿಮೀರಿ ಮೂಟೆ ಹೇರಿಸದಿರಲಿ. ಆ ಭಾರವನ್ನು ನಿಲ್ಲಿಸಬೇಕಾದದ್ದು ಅದೇ ಬ್ರೇಕು. ಇದನ್ನು ನಮ್ಮವರಿಗೇ ಹೇಳುತ್ತಿದ್ದೇವೆ.

ಕೊನೆಯದಾಗಿ, ಗ್ಯಾರೇಜಿನವರೂ ಒಂಟಿ ಗಾಡಿಯವರೂ ಸೇರಿ ಸಹಕಾರ ಸಂಘ ಕಟ್ಟುವುದನ್ನು ಯೋಚಿಸಬೇಕು. ಒಬ್ಬನಿಗೆ ಕೊಳ್ಳಲಾಗದ ತಪಾಸಣಾ ಉಪಕರಣವನ್ನು ಐವತ್ತು ಜನ ಸೇರಿದರೆ ಕೊಳ್ಳಬಹುದು, ಬಿಡಿಭಾಗವನ್ನು ಸಗಟಾಗಿ ತರಿಸಬಹುದು, ಎಫ್.ಸಿ.ಗೆ ಮುಂಚೆ ಅಲ್ಲಿಯೇ ಗಾಡಿಯನ್ನು ಪರೀಕ್ಷಿಸಿ ಬ್ರೋಕರನ ಕಾಟ ತಪ್ಪಿಸಿಕೊಳ್ಳಬಹುದು. ಗದಗ ಸೀಮೆಯ ಕಣಗಿನಹಾಳದ ರೈತರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗ ಅವರ ಬಳಿ ಇದ್ದದ್ದು ನಮ್ಮ ಬಳಿ ಇರುವುದಕ್ಕಿಂತ ಹೆಚ್ಚೇನಲ್ಲ.

ಆಸಕ್ತಿಯುಳ್ಳ ಗ್ಯಾರೇಜಿನ ಬಂಧುಗಳೂ ಚಾಲಕರೂ ಪಕ್ಷದ ಕಚೇರಿಗೆ ಬಂದು ಹೆಸರು ಕೊಡಬೇಕೆಂದು ಕೋರುತ್ತೇವೆ. ಹತ್ತು ಹೆಸರು ಸೇರಿದ ದಿನವೇ ಮೊದಲ ಸಭೆ ಕರೆಯುತ್ತೇವೆ.